ಬಸ್ಸಿಗೆ ಐದು ನಿಮಿಷ ಮುಂಚೆ

ಬೆಳಗಿನ ಎಂಟು ಗಂಟೆಯ ಸಮಯ. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಏರತೊಡಗಿದೆ. ಕೆಳಗೆ ಬಸ್ ನಿಲ್ದಾಣದಲ್ಲಿ ಪಾವಗಡಕ್ಕೆ ಹೊರಡಬೇಕಾದ ಖಾಸಗಿ ಬಸ್ಸೊಂದು ಗುರುಗುಟ್ಟುತ್ತ ನಿಂತಿದೆ. ಪುಸ್ತಕಗಳನ್ನು ಎದೆಗವಚಿಕೊಂಡ ಕಾಲೇಜು ಹುಡುಗಿಯರು, ಕಚೇರಿಗೆ ಹೊರಟ ಗುಮಾಸ್ತ, ತರಕಾರಿಯ ಮಂಕರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ ಮುದುಕಿ, ಮಗುವಿಗೆ ಜ್ವರವೆಂದು ಆಸ್ಪತ್ರೆಗೆ ಹೊರಟ ತಾಯಿ—ಇವರೇ ಅದರ ನಿತ್ಯದ ಗಿರಾಕಿಗಳು. ಬಸ್ಸು ತುಂಬಿದರೂ ತುಂಬದಿದ್ದರೂ ಗಡಿಯಾರದ ಮುಳ್ಳು ಗೊತ್ತಾದ ಮನೆಗೆ ಬರುವವರೆಗೆ ಚಾಲಕನು ಗೇರು ಹಾಕುವಂತಿಲ್ಲ. ಹೊರಡುವ ಗಳಿಗೆ ಅದರ ರಹದಾರಿಯಲ್ಲಿ ಬರೆದಿದೆ.

ನಿಲ್ದಾಣದ ಹೊರಗಿನ ತಿರುವಿನಲ್ಲಿ ಅಂಥ ಕಟ್ಟುಪಾಡು ಯಾವುದೂ ಇಲ್ಲ. ಅಲ್ಲಿ ಟ್ರಾಕ್ಸ್ ಗಾಡಿಯೊಂದು ನಿಂತಿದೆ. "ಒಂದು ಸೀಟು, ಒಂದೇ ಸೀಟು!" ಎಂದು ಹುಡುಗನೊಬ್ಬ ಕೂಗುತ್ತಿದ್ದಾನೆ. ಆ ಒಂದು ಸೀಟಿನಲ್ಲಿ ನಾಲ್ವರು ಕುಳಿತ ಮೇಲೂ ಕೂಗು ನಿಂತಿಲ್ಲ. ಬಸ್ಸು ಹೊರಡಲು ಇನ್ನೂ ಐದು ನಿಮಿಷವಿದೆ ಎನ್ನುವಾಗ ಗಾಡಿ ಹೊರಟೇ ಹೋಗುತ್ತದೆ. ದಾರಿಯುದ್ದಕ್ಕೂ ಗೇಟುಗಳಲ್ಲಿ ಬಸ್ಸಿಗಾಗಿ ಕಾದು ನಿಂತವರನ್ನು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತದೆ. ಹಿಂದಿನಿಂದ ಬರುವ ಬಸ್ಸಿಗೆ ಸಿಕ್ಕುವುದು ರಸ್ತೆಯ ಧೂಳು ಮಾತ್ರ.

ಕೆನೆ ಒಬ್ಬರಿಗೆ, ನೀರು ಮಜ್ಜಿಗೆ ಇನ್ನೊಬ್ಬರಿಗೆ ಎಂಬ ಈ ವ್ಯವಹಾರ ಇಂದು ನಿನ್ನೆಯದಲ್ಲ. ಬೆಂಗಳೂರಿನ ವಿಶಾಲ ಬೀದಿಗಳಲ್ಲಿ ಮೊಬೈಲಿನ ಮೂಲಕ ಕಾರು ಕರೆಸಿಕೊಳ್ಳುವ ಪದ್ಧತಿ ಬಂದಾಗ ಹಳೆಯ ಟ್ಯಾಕ್ಸಿಗಳವರು ಯಾವ ಕೂಗು ಹಾಕಿದರೋ ಅದೇ ಕೂಗನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಸ್ಸಿನವರು ಅದಕ್ಕೂ ಮೊದಲಿನಿಂದ ಹಾಕುತ್ತ ಬಂದಿದ್ದಾರೆ.

ನಾಲ್ಕು ತಾಲ್ಲೂಕುಗಳ ದಾರಿ

ವಾಹನದ ನಂಬರು ಹಲಗೆಯ ಮೇಲೆ 'ಕೆಎ 64' ಎಂದಿದ್ದರೆ ಅದು ಮಧುಗಿರಿಯ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದೆಂದು ತಿಳಿಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳು ಆ ಕಚೇರಿಯ ವ್ಯಾಪ್ತಿ. ತುಮಕೂರಿನಿಂದ ಉತ್ತರಕ್ಕೆ ಹೊರಟರೆ ಮೊದಲು ಕೊರಟಗೆರೆ, ಆಮೇಲೆ ಮಧುಗಿರಿ. ಮುಂದೆ ಮಿಡಿಗೇಶಿಯನ್ನು ದಾಟಿದ ರಸ್ತೆ ಆಂಧ್ರದ ಮಡಕಶಿರಾ ಸೀಮೆಯನ್ನು ಹೊಕ್ಕು ಹೊರಬಂದು ಪಾವಗಡವನ್ನು ಮುಟ್ಟುತ್ತದೆ. ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿಲೋಮೀಟರು ದೂರದ ಪಾವಗಡವು ತನ್ನದೇ ಜಿಲ್ಲೆಯ ನೆಲಕ್ಕೆ ಅಂಟಿಕೊಂಡಿಲ್ಲ. ಮೂರು ಕಡೆ ಆಂಧ್ರ, ಇನ್ನೊಂದು ಕಡೆ ಚಿತ್ರದುರ್ಗ ಜಿಲ್ಲೆ. ಹೀಗಾಗಿ ತನ್ನ ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ ಕೊಡಲು ಹೊರಟ ರೈತನೂ ನಡುವೆ ಪರರಾಜ್ಯದ ಗಾಳಿ ಕುಡಿದೇ ಬರಬೇಕು. ಶಿರಾ ಮಾತ್ರ ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ ಕುಳಿತಿದೆ.

ಈ ನಾಲ್ಕು ಪಟ್ಟಣಗಳೂ ರೈಲನ್ನು ಕಾಣದೆ ಬೆಳೆದವು. ತುಮಕೂರು–ರಾಯದುರ್ಗ ಮಾರ್ಗದ ಕೆಲಸ ವರ್ಷಗಟ್ಟಲೆಯಿಂದ ಸಾಗುತ್ತಲಿದೆ. ಮಳೆಯನ್ನು ನಂಬುವಂತಿಲ್ಲದ ಈ ಬಯಲುಸೀಮೆಯಲ್ಲಿ ಜನರಿಗೆ ಓಡಾಟವೆಂಬುದು ಹವ್ಯಾಸವಲ್ಲ, ಹೊಟ್ಟೆಯ ಪಾಡು. ಕೂಲಿಗೆ ಬೆಂಗಳೂರು, ಕಾಲೇಜಿಗೆ ತುಮಕೂರು, ಶನಿವಾರದ ಹರಕೆಗೆ ಪಾವಗಡದ ಶನಿಮಹಾತ್ಮನ ಸನ್ನಿಧಿ, ಶುಕ್ರವಾರದ ಪೂಜೆಗೆ ಗೊರವನಹಳ್ಳಿಯ ಮಹಾಲಕ್ಷ್ಮಿ—ಎಲ್ಲಕ್ಕೂ ಬಸ್ಸೇ ಗತಿ. ಆ ಬಸ್ಸುಗಳಲ್ಲಿ ಬಹುಭಾಗ ಖಾಸಗಿಯವರವೇ ಆಗಿದ್ದುದು ಈ ಭಾಗದ ವಿಶೇಷ. ಬಸ್ಸನ್ನು ಅದರ ನಂಬರಿನಿಂದಲ್ಲ, ಮಾಲೀಕನು ಇಟ್ಟ ಹೆಸರಿನಿಂದಲೇ ಗುರುತಿಸುವ ವಾಡಿಕೆ ಇಲ್ಲಿನ ಮುದುಕರಿಗೆ ಇಂದಿಗೂ ಬಿಟ್ಟಿಲ್ಲ.

ರಹದಾರಿ ಎಂಬ ಆಸ್ತಿ

ಬಸ್ಸು ಕೊಳ್ಳಲು ಹಣ ಸಾಕು. ಅದನ್ನು ಓಡಿಸಲು ಸರ್ಕಾರದ ರಹದಾರಿ ಬೇಕು. 1939ರ ಮೋಟಾರು ವಾಹನ ಕಾಯಿದೆ ಈ ಪದ್ಧತಿಗೆ ಭದ್ರವಾದ ಅಡಿಪಾಯ ಹಾಕಿತು. ಯಾವ ಊರಿನಿಂದ ಯಾವ ಊರಿಗೆ, ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಎಷ್ಟು ಜನರನ್ನು ಕೂರಿಸಿಕೊಂಡು, ಎಷ್ಟು ದರಕ್ಕೆ—ಎಲ್ಲವನ್ನೂ ಸಾರಿಗೆ ಪ್ರಾಧಿಕಾರವೇ ಗೊತ್ತುಮಾಡತಕ್ಕದ್ದು. ಹೊಸಬನೊಬ್ಬ ಅದೇ ಮಾರ್ಗಕ್ಕೆ ರಹದಾರಿ ಬೇಡಿದರೆ, ಹಳಬನು ಎದ್ದು ನಿಂತು, 'ಇಲ್ಲಿ ಈಗಿರುವ ಬಸ್ಸುಗಳೇ ಸಾಕು' ಎಂದು ಆಕ್ಷೇಪಿಸಬಹುದಾಗಿತ್ತು. ಹೀಗೆ ಮಾರ್ಗಕ್ಕೊಂದು ಬೇಲಿ ಬಿತ್ತು.

ಬೇಲಿಯ ಒಳಗಿನ ಹೊಲಕ್ಕೆ ಬೆಲೆ ಬರುವುದು ಸಹಜವಲ್ಲವೆ? ಪ್ರಾಧಿಕಾರದ ಅನುಮತಿಯಿಲ್ಲದೆ ರಹದಾರಿಯನ್ನು ಒಬ್ಬರಿಂದೊಬ್ಬರಿಗೆ ವರ್ಗಾಯಿಸುವಂತಿಲ್ಲವೆಂದು ಕಾಯಿದೆ ಹೇಳುತ್ತದೆ. ಆದರೂ ಹಳೆಯ ಬಸ್ಸು ಕೈ ಬದಲಾಯಿಸುವಾಗ ಕೊಳ್ಳುವವನು ತಗಡಿಗೂ ಟೈರಿಗೂ ಮಾತ್ರ ಹಣ ಎಣಿಸುತ್ತಿರಲಿಲ್ಲ. ಮಾರ್ಗವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದ. ತೋಟ ಅಡವಿಟ್ಟು, ಹೆಂಡತಿಯ ಒಡವೆ ಮಾರಿ, ಕಂತಿನ ಸಾಲ ತೆಗೆದು ಬಸ್ಸಿಗೆ ಬಂಡವಾಳ ಹೂಡಿದ ಮನೆತನಗಳು ರಹದಾರಿಯ ಕಾಗದವನ್ನು ಜಮೀನಿನ ಪತ್ರದ ಜೊತೆಯಲ್ಲೇ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದವು.

ಆ ಬೇಲಿಗೆ ಮೊದಲ ಹೊಡೆತ ಕೊಟ್ಟದ್ದು ಸರ್ಕಾರವೇ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕಣಕ್ಕಿಳಿಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ನಡುವೆ 1956ರ ತಿದ್ದುಪಡಿಯಿಂದ ಖಾಸಗಿ ಮಾರ್ಗಗಳನ್ನು ಸರ್ಕಾರಿ ಬಸ್ಸುಗಳಿಗೇ ಮೀಸಲಿಡುವ ಅಧಿಕಾರವೂ ದೊರೆಯಿತು. ಎರಡನೆಯ ಹೊಡೆತ ಬಂದದ್ದು 1988ರ ಹೊಸ ಕಾಯಿದೆಯಿಂದ. ರಹದಾರಿಯ ಅರ್ಜಿಯನ್ನು ಸಾಮಾನ್ಯವಾಗಿ ನಿರಾಕರಿಸಬಾರದೆಂದು ಅದು ವಿಧಿಸಿತು. ಹಳೆಯ ಬಸ್ಸಿನವರು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಪೈಪೋಟಿ ಬಂದಿತೆಂದು ದೂರುವ ಹಕ್ಕು ರಹದಾರಿ ಪಡೆದವನಿಗಿಲ್ಲ, ಹೆಚ್ಚು ಬಸ್ಸುಗಳು ಬಂದರೆ ಪ್ರಯಾಣಿಕನಿಗೆ ಒಳ್ಳೆಯದೇ.

ನ್ಯಾಯವಾದ ಮಾತು. ಆದರೆ ಅದು ರಹದಾರಿ ಪಡೆದು ಬರುವ ಪೈಪೋಟಿಗಾರನನ್ನು ಕುರಿತು ಹೇಳಿದ್ದು. ರಹದಾರಿಯನ್ನೇ ಕೇಳದೆ ಬರುವವನ ಪಾಡೇನು?

ಮಜಲು ಮತ್ತು ಒಪ್ಪಂದ

ಕಾನೂನು ಬಾಡಿಗೆಯ ವಾಹನಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ದಾರಿಯಲ್ಲಿ ಹತ್ತುವವರನ್ನು ಹತ್ತಿಸಿಕೊಂಡು, ಇಳಿಯುವವರನ್ನು ಇಳಿಸುತ್ತ, ಒಬ್ಬೊಬ್ಬರಿಂದ ಬೇರೆ ಬೇರೆ ದರ ಪಡೆಯುವುದು ಮಜಲು ವಾಹನ. ಬಸ್ಸು ಈ ಜಾತಿಯದು. ಮದುವೆಯ ದಿಬ್ಬಣಕ್ಕೋ ಯಾತ್ರೆಗೋ ಇಡೀ ಗಾಡಿಯನ್ನು ಒಂದು ಗುಂಪು ಗೊತ್ತುಮಾಡಿಕೊಂಡರೆ ಅದು ಒಪ್ಪಂದದ ವಾಹನ. ಟ್ಯಾಕ್ಸಿಯೂ ಮ್ಯಾಕ್ಸಿಕ್ಯಾಬೂ ಈ ಗುಂಪಿನವು. ಒಪ್ಪಂದದ ವಾಹನಕ್ಕೆ ಸಮಯಪಟ್ಟಿಯಿಲ್ಲ, ಖಾಲಿ ಓಡಬೇಕೆಂಬ ಬಂಧನವಿಲ್ಲ. ಬದಲಿಗೆ ದಾರಿಯಲ್ಲಿ ಬಿಡಿ ಬಿಡಿಯಾಗಿ ಜನರನ್ನು ಹತ್ತಿಸಿಕೊಳ್ಳುವ ಹಕ್ಕೂ ಇಲ್ಲ.

ಈ ಗೆರೆಯನ್ನು ದಾಟುವ ಆಸೆ ಬಹಳ ಹಳೆಯದು. 1970ರ ದಶಕದಲ್ಲಿ ಒಪ್ಪಂದದ ಹೆಸರಿನಲ್ಲಿ ರಹದಾರಿ ಪಡೆದ ಬಸ್ಸುಗಳು ಊರಿಂದೂರಿಗೆ ಬಿಡಿ ಪ್ರಯಾಣಿಕರನ್ನು ಸಾಗಿಸುತ್ತ ಮಾರ್ಗದ ಬಸ್ಸುಗಳ ಅನ್ನಕ್ಕೆ ಕೈಯಿಕ್ಕಿದವು. 1976ರಲ್ಲಿ ದೇವರಾಜ ಅರಸರ ಸರ್ಕಾರ ಕಠಿಣವಾದ ಹೆಜ್ಜೆಯಿಟ್ಟು ಅಂಥ ವಾಹನಗಳನ್ನೇ ಸ್ವಾಧೀನಪಡಿಸಿಕೊಳ್ಳುವ ಕಾನೂನು ಮಾಡಿತು. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1977ರಲ್ಲಿ ಏಳು ನ್ಯಾಯಾಧೀಶರ ಪೀಠ, ರಂಗನಾಥ ರೆಡ್ಡಿ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ, ಆ ಕಾನೂನನ್ನು ಎತ್ತಿಹಿಡಿಯಿತು. ಕಾಲ ಬದಲಾಯಿತು. 2003ರಲ್ಲಿ ರಾಜ್ಯವೇ ಅದನ್ನು ರದ್ದುಮಾಡಿತು; ಹಾಗೆ ರದ್ದುಮಾಡಿದ್ದೂ ಸರಿಯೆಂದು 2025ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಂದೇ ಗೆರೆಯನ್ನು ಒಂದು ಪೀಳಿಗೆ ಗೋಡೆಯಾಗಿ ಕಟ್ಟಿದರೆ, ಇನ್ನೊಂದು ಪೀಳಿಗೆ ಅದನ್ನು ಹೊಸಿಲಾಗಿ ತಗ್ಗಿಸಿತು.

ರಾಜಧಾನಿಯಲ್ಲಿ ಅದೇ ಕಥೆ

ಈ ಕಥೆಯ ದೊಡ್ಡ ಆವೃತ್ತಿ ಬೆಂಗಳೂರಿನಲ್ಲಿ ನಡೆಯಿತು. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆದಾಗ ಮೆರು ಮೊದಲಾದ ಕಂಪನಿಗಳು ಮೀಟರಿನ ಟ್ಯಾಕ್ಸಿಗಳಿಗೆ ದೊಡ್ಡ ಬಂಡವಾಳ ಹೂಡಿದವು. ಐದಾರು ವರ್ಷಗಳಲ್ಲೇ ಓಲಾ, ಊಬರ್‌ಗಳು ಬಂದವು. ಅವುಗಳಿಗೆ ಸ್ವಂತ ಕಾರುಗಳು ಬೇಕಿರಲಿಲ್ಲ. ಕಾರು ಚಾಲಕನದು, ಸಾಲವೂ ಅವನದು. ಹೂಡಿಕೆದಾರರ ಹಣವನ್ನು ನೀರಿನಂತೆ ಚೆಲ್ಲಿ, ಸವಾರರಿಗೆ ಅಗ್ಗದ ದರವನ್ನೂ ಚಾಲಕರಿಗೆ ಬಹುಮಾನವನ್ನೂ ಕೊಟ್ಟು, ಅವು ಪೇಟೆ ಹಿಡಿದವು. ಮೆರು ಮತ್ತು ಫಾಸ್ಟ್ ಟ್ರ್ಯಾಕ್ ಕಂಪನಿಗಳು ಓಲಾದ ಮೇಲೆ ಸ್ಪರ್ಧಾ ಆಯೋಗಕ್ಕೆ ದೂರಿತ್ತವು. ನಷ್ಟಕ್ಕೆ ಮಾರಿ ಎದುರಾಳಿಯನ್ನು ಮುಗಿಸುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಊಬರ್ ಸಹ ಸರಿಸಮಾನವಾಗಿ ಕಾದಾಡುತ್ತಿರುವಾಗ ಒಬ್ಬರನ್ನೇ ಪೇಟೆಯ ಒಡೆಯರೆನ್ನಲಾಗದೆಂದು ಆಯೋಗ 2017ರಲ್ಲಿ ದೂರನ್ನು ತಳ್ಳಿಹಾಕಿತು.

ಅದೇ ವರ್ಷದ ಆರಂಭದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಒಂದೇ ಕಾರಿನಲ್ಲಿ ಪರಸ್ಪರ ಪರಿಚಯವಿಲ್ಲದ ಮೂವರನ್ನು ಬೇರೆ ಬೇರೆ ಕಡೆ ಹತ್ತಿಸಿ, ಇಳಿಸಿ, ಬಾಡಿಗೆ ಹಂಚುವ ಸೌಕರ್ಯವನ್ನು ಈ ಕಂಪನಿಗಳು ನಡೆಸುತ್ತಿದ್ದವು. 'ಇದು ಒಪ್ಪಂದದ ರಹದಾರಿಯಲ್ಲಿ ಮಜಲು ವಾಹನ ಓಡಿಸಿದಂತೆ. ಕೂಡದು' ಎಂದು ಸಾರಿಗೆ ಇಲಾಖೆ ತಡೆ ಒಡ್ಡಿತು. ಮಧುಗಿರಿಯ ತಿರುವಿನಲ್ಲಿ ನಿಂತ ಟ್ರಾಕ್ಸಿಗೂ ಬೆಂಗಳೂರಿನ ಹವಾನಿಯಂತ್ರಿತ ಕಾರಿಗೂ ಆ ಒಂದು ವಾಕ್ಯದಲ್ಲಿ ನೆಂಟಸ್ತನ ಬೆಳೆಯಿತು.

ರಹದಾರಿಯನ್ನು ಆಸ್ತಿಯೆಂದು ನಂಬಿದವರ ಗತಿ ಏನಾದೀತೆಂಬುದಕ್ಕೆ ದೂರದ ನ್ಯೂಯಾರ್ಕೇ ಸಾಕ್ಷಿ. ಅಲ್ಲಿ 1937ರ ಕಾನೂನಿನಿಂದ ಟ್ಯಾಕ್ಸಿಗಳ ಸಂಖ್ಯೆಗೆ ಮಿತಿ ಹಾಕಿ, ಒಂದೊಂದಕ್ಕೂ ಲೋಹದ ಬಿಲ್ಲೆ ಕೊಟ್ಟರು. 2014ರ ಸುಮಾರಿಗೆ ಒಂದು ಬಿಲ್ಲೆಯ ಬೆಲೆ ಹತ್ತು ಲಕ್ಷ ಡಾಲರು ಮುಟ್ಟಿತ್ತು. ಕೆಲವೇ ವರ್ಷಗಳಲ್ಲಿ ಅದು ಎರಡು ಲಕ್ಷಕ್ಕೂ ಕೆಳಗಿಳಿಯಿತು. ಬೆಲೆ ಇಳಿದರೂ ಅದಕ್ಕಾಗಿ ಮಾಡಿದ ಸಾಲ ಇಳಿಯಲಿಲ್ಲ. ವಲಸೆ ಬಂದು ಸ್ಟಿಯರಿಂಗ್ ಹಿಡಿದ ಬಡ ಚಾಲಕರೇ ಅದರ ಅಡಿ ಸಿಕ್ಕಿ ನಲುಗಿದರು. ಕೊರಟಗೆರೆಯ ಬಸ್ ಮಾಲೀಕನ ಲೆಕ್ಕ ಡಾಲರಿನಲ್ಲಿಲ್ಲದಿರಬಹುದು. ಸಂಕಟದ ಜಾತಿ ಒಂದೇ.

ಮೂರನೆಯ ಪೈಪೋಟಿ

ಹೀಗೆ ಮುಂದೆ ಟ್ರಾಕ್ಸು, ಮಗ್ಗುಲಲ್ಲಿ ಷೇರ್ ಆಟೋ ಇರುವಾಗ ಹಿಂದಿನಿಂದ ಇನ್ನೊಂದು ಬಂದಿತು. 2023ರ ಜೂನ್ 11ರಂದು ರಾಜ್ಯ ಸರ್ಕಾರ 'ಶಕ್ತಿ' ಯೋಜನೆಯನ್ನು ಜಾರಿಗೆ ತಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸಿತು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳಿಗೆ, ತವರಿಗೆ ಹೋಗಲು ಗಂಡನ ಜೇಬು ನೋಡಬೇಕಾಗಿದ್ದ ಗೃಹಿಣಿಗೆ ಅದು ವರವೇ ಸರಿ. ಆದರೆ ಅದೇ ರಸ್ತೆಯಲ್ಲಿ ಟಿಕೆಟ್ ಹರಿಯುವ ಖಾಸಗಿ ಬಸ್ಸಿಗೆ ಅರ್ಧ ಗಿರಾಕಿಗಳು ಒಂದೇ ದಿನದಲ್ಲಿ ದೂರವಾದಂತಾಯಿತು. ಪುಕ್ಕಟೆ ಬಸ್ಸಿನೊಡನೆ ದರದಲ್ಲಿ ಸೆಣಸಲು ಯಾರಿಂದ ಸಾಧ್ಯ? ಆ ವರ್ಷದ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯ ಸಂಘಟನೆಗಳು ಬೆಂಗಳೂರಿನಲ್ಲಿ ಬಂದ್ ನಡೆಸಿದವು. ಶಕ್ತಿಯಿಂದಾದ ನಷ್ಟಕ್ಕೆ ಪರಿಹಾರ ಕೊಡಿ, ಬೈಕ್ ಟ್ಯಾಕ್ಸಿ ನಿಲ್ಲಿಸಿ ಎಂಬುವು ಅವರ ಬೇಡಿಕೆಗಳಲ್ಲಿ ಮುಖ್ಯವಾಗಿದ್ದವು.

ಬಸ್ಸಿನವನ ಲೆಕ್ಕ ಹೀಗೆ: ಆಸನಕ್ಕಿಷ್ಟೆಂದು ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ, ವಿಮೆ, ಸಾಲದ ಕಂತು, ಡೀಸೆಲು, ಚಾಲಕ ನಿರ್ವಾಹಕರ ಬಟವಾಡೆ, ಆಂಧ್ರದ ನೆಲ ತುಳಿಯುವ ಮಾರ್ಗವಾದರೆ ಆ ರಾಜ್ಯದ ಮೇಲುರುಜು. ಬಿಳಿ ಹಲಗೆಯ ಸ್ವಂತ ಕಾರಿನಲ್ಲಿ ಕದ್ದು ಬಾಡಿಗೆ ಹೊಡೆಯುವವನಿಗೆ ಇವುಗಳಲ್ಲಿ ಬಹುಪಾಲು ಇಲ್ಲ. ಅಪಘಾತವಾದರೆ ಬಾಡಿಗೆ ಕೊಟ್ಟು ಕುಳಿತವರಿಗೆ ವಿಮೆಯ ರಕ್ಷಣೆಯೂ ಸಂದೇಹಾಸ್ಪದವೆಂಬುದನ್ನು ಅದರಲ್ಲಿ ಹತ್ತುವವರು ಯೋಚಿಸುವುದಿಲ್ಲ.

ನಾಣ್ಯದ ಇನ್ನೊಂದು ಮುಖ

ಇಷ್ಟು ಕೇಳಿದ ಮೇಲೆ ಬಸ್ಸಿನವರದೇ ನ್ಯಾಯವೆಂದು ತೀರ್ಮಾನಿಸಲು ಮನಸ್ಸಾಗುತ್ತದೆ. ಆದರೆ 2022ನೆಯ ಇಸವಿಯನ್ನು ಈ ಸೀಮೆಯವರು ಮರೆಯಲಾರರು.

ಆ ವರ್ಷದ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸೊಂದು ಪಳವಳ್ಳಿ ಕಟ್ಟೆಯ ಬಳಿ ಉರುಳಿತು. ಒಳಗೂ ಟಾಪಿನ ಮೇಲೂ ಜನ ಕಿಕ್ಕಿರಿದಿದ್ದರು. ಸತ್ತವರಲ್ಲಿ ಓದಲೆಂದು ಹೊರಟ ವಿದ್ಯಾರ್ಥಿಗಳೂ ಇದ್ದರು. ಬಸ್ಸುಗಳು ಸಾಕಷ್ಟಿಲ್ಲದ ದಾರಿಯಲ್ಲಿ, ಇದನ್ನು ಬಿಟ್ಟರೆ ಪಾಠ ತಪ್ಪುತ್ತದೆಂದು ಮಕ್ಕಳು ಜೋತುಬೀಳುವುದು ಅಲ್ಲಿ ಹೊಸದಾಗಿರಲಿಲ್ಲ. 'ಇಲ್ಲಿ ಈಗಿರುವ ಬಸ್ಸುಗಳೇ ಸಾಕು' ಎಂಬ ಹಳೆಯ ಆಕ್ಷೇಪದ ನಿಜವಾದ ಬೆಲೆ ಎಷ್ಟೆಂಬುದನ್ನು ಆ ಬೆಳಗು ತೋರಿಸಿತು.

ಐದು ತಿಂಗಳ ಮೇಲೆ, ಆಗಸ್ಟ್ 25ರ ನಸುಕಿನಲ್ಲಿ, ಶಿರಾ ತಾಲ್ಲೂಕಿನ ಬಾಲೇನಹಳ್ಳಿಯ ಬಳಿ ಹೆದ್ದಾರಿಯಲ್ಲಿ ಕ್ರೂಸರ್ ಗಾಡಿಯೊಂದು ಲಾರಿಗೆ ಡಿಕ್ಕಿ ಹೊಡೆಯಿತು. ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಕೂಲಿಗೆಂದು ಹೊರಟವರು, ಇಪ್ಪತ್ತಕ್ಕೂ ಹೆಚ್ಚು ಜನ, ಅದರಲ್ಲಿ ತುಂಬಿಕೊಂಡಿದ್ದರು. 9 ಮಂದಿ ಸತ್ತರು. ಅವರಲ್ಲಿ ಮೂವರು ಮಕ್ಕಳು. ಮನೆಬಾಗಿಲಿನಿಂದ ಕೆಲಸದ ಜಾಗದವರೆಗೆ ಗಂಟುಮೂಟೆಯ ಸಹಿತ ಕಡಿಮೆ ಹಣಕ್ಕೆ ಕರೆತರುವ ಗಾಡಿಯನ್ನು ಬಡವನು ಆರಿಸಿಕೊಂಡರೆ ಅವನನ್ನು ಜರೆಯುವುದು ಹೇಗೆ?

ಒಂದು ಕಡೆ ಮಾರ್ಗದ ಬಸ್ಸು, ಇನ್ನೊಂದು ಕಡೆ ಹಂಚಿಕೆಯ ಗಾಡಿ. ಎರಡರಲ್ಲೂ ಆಸನಕ್ಕೆ ಮೀರಿ ಜನರನ್ನು ತುರುಕಿದ್ದರು. ಎರಡರಲ್ಲೂ ಸತ್ತವರು ಬೇರೆ ದಾರಿಯಿಲ್ಲದವರು. ನಿಯಮವು ಬರಿಯ ಬೇಲಿಯಾಗಿ ಉಳಿದು ಕಾವಲಾಗದೆ ಹೋದರೆ, ಬೇಲಿಯ ಒಳಗಿದ್ದವರಿಗೂ ಹೊರಗಿದ್ದವರಿಗೂ ಒಂದೇ ಗತಿ.

ಖಾಲಿ ಟ್ರಿಪ್ಪಿನ ಹೊಣೆ ಯಾರದು?

ವಾದ ವಿವಾದಗಳ ನಡುವೆ ಮರೆತುಹೋಗುವ ಸಂಗತಿಯೊಂದಿದೆ. ಬೆಳಗಿನ ಎಂಟಕ್ಕೂ ಸಂಜೆಯ ಐದಕ್ಕೂ ಜನರನ್ನು ಕೊಂಡೊಯ್ಯಲು ಯಾರು ಬೇಕಾದರೂ ಬರುತ್ತಾರೆ. ಮಧ್ಯಾಹ್ನದ ಎರಡು ಗಂಟೆಗೆ, ನಾಲ್ಕೇ ಜನರಿರುವಾಗ, ನಿಡಗಲ್ಲಿನ ಕಡೆಗೋ ಹುಲಿಕುಂಟೆಯ ಕಡೆಗೋ ಹೋಗುವವರಾರು? ಟ್ರಾಕ್ಸಿನವನು ಗಾಡಿ ತುಂಬುವವರೆಗೆ ಅಲುಗಾಡುವುದಿಲ್ಲ. ಮೊಬೈಲಿನ ಕಾರು ಹಳ್ಳಿಯ ಗೇಟಿನವರೆಗೆ ಬರುವುದಿಲ್ಲ. ಬರಬೇಕಾದದ್ದು ಬಸ್ಸು, ಬರುವಂತೆ ಮಾಡುವುದು ರಹದಾರಿಯ ಷರತ್ತು. ಬೆಳಗಿನ ತುಂಬಿದ ಟ್ರಿಪ್ಪಿನ ಗಳಿಕೆಯಿಂದಲೇ ಮಧ್ಯಾಹ್ನದ ಖಾಲಿ ಟ್ರಿಪ್ಪಿನ ಡೀಸೆಲಿಗೆ ಹಣ ಹುಟ್ಟಬೇಕು. ಬೆಳಗಿನ ಗಳಿಕೆಯನ್ನು ಇನ್ನೊಬ್ಬರು ಐದು ನಿಮಿಷ ಮುಂಚೆ ಬಾಚಿಕೊಂಡರೆ ಮಾಲೀಕನು ಮೊದಲು ಕೈಬಿಡುವುದು ಆ ಮಧ್ಯಾಹ್ನದ ಓಟವನ್ನು. ಆಮೇಲೆ ರಾತ್ರಿಯ ಕಡೆಯ ಬಸ್ಸನ್ನು. ನಷ್ಟ ಮಾಲೀಕನ ಪುಸ್ತಕದಲ್ಲಿ ಬರೆದಿದ್ದರೂ ತೆರುವವರು ಹಳ್ಳಿಯ ಕೊನೆಯ ಮನೆಯವರು.

ಗಾಡಿಗಳನ್ನು ಹಿಡಿದು ದಂಡ ಹಾಕಿದ ಮಾತ್ರಕ್ಕೆ ಇದು ಬಗೆಹರಿಯುವುದಲ್ಲ. ದಂಡ ಕಟ್ಟಿದವನು ಮರುದಿನ ಬೇರೊಂದು ತಿರುವಿನಲ್ಲಿ ನಿಲ್ಲುತ್ತಾನೆ; ಏಕೆಂದರೆ ಜನರಿಗೆ ಅವನು ಬೇಕಾಗಿದ್ದಾನೆ. ಬಸ್ಸಿಲ್ಲದ ಹಳ್ಳಿಗಳ ದಾರಿಯನ್ನು ಚಿಕ್ಕ ಗಾಡಿಗಳಿಗೇ ರಹದಾರಿ, ಸಮಯಪಟ್ಟಿ, ವಿಮೆಗಳೊಡನೆ ವಹಿಸಿಕೊಡಬಾರದೇಕೆ ಎಂದು ಕೇಳುವವರುಂಟು. ಖಾಲಿ ಓಟಕ್ಕೆ ಸರ್ಕಾರವೇ ಇಷ್ಟೆಂದು ನೆರವು ಕೊಟ್ಟು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಸಮಯ ತಪ್ಪದೆ ಓಡಿಸುವವನಿಗೆ ಮಾರ್ಗ ಒಪ್ಪಿಸಬೇಕೆಂಬ ಸಲಹೆಯೂ ಉಂಟು. ಯಾವುದನ್ನೇ ಒಪ್ಪಲಿ, ಅಳತೆಗೋಲು ಒಂದೇ ಇರಬೇಕು: ಗಾಡಿ ಯಾರದೆಂಬುದಲ್ಲ, ಹೊತ್ತಿಗೆ ಸರಿಯಾಗಿ ಬರುವುದೇ, ಜೀವಸಹಿತ ಮುಟ್ಟಿಸುವುದೇ ಎಂಬುದು.

ಸಂಜೆ ಕಳೆದು ಕತ್ತಲಾಗಿದೆ. ತಿರುವಿನಲ್ಲಿದ್ದ ಟ್ರಾಕ್ಸು ಅಂದಿನ ಗಳಿಕೆ ಎಣಿಸಿಕೊಂಡು ಮನೆಗೆ ಹೋಗಿಯಾಗಿದೆ. ನಿಲ್ದಾಣದಲ್ಲಿ ಹಳ್ಳಿಯ ಕಡೆಯ ಬಸ್ಸು ಒಂದೇ ಒಂದು ದೀಪ ಹೊತ್ತಿಸಿಕೊಂಡು ನಿಂತಿದೆ. ಒಳಗೆ ಏಳೋ ಎಂಟೋ ಜನ. ನಿರ್ವಾಹಕನು ಒಮ್ಮೆ ಹೊರಗೆ ಇಣುಕಿ, ಯಾರಾದರೂ ಓಡಿಬರುತ್ತಿದ್ದಾರೆಯೇ ಎಂದು ನೋಡಿ ಸೀಟಿ ಊದುತ್ತಾನೆ. ಬಸ್ಸು ಹೊರಡುತ್ತದೆ. ಆ ದಾರಿಯ ಹಳ್ಳಿಗಳಲ್ಲಿ, ಅದರ ಸದ್ದು ಕೇಳಿದ ಮೇಲೆಯೇ ಬಾಗಿಲಿಗೆ ಅಗಳಿ ಹಾಕುವ ಮನೆಗಳು ಇನ್ನೂ ಇವೆ.